ಮಲ್ಲಕಾಳಗದ ಜಯಾಪಜಯಗಳೂ ಕನ್ನಡ ಕಾವ್ಯದ ಭಾವವಿಚಾರವೂ

೧

ಸ್ಪರ್ಧೆಯಲ್ಲಿ ಗೆದ್ದವನಿಗೆ ಹರ್ಷವೂ ಸೋತವನಿಗೆ ವಿಷಾದವೂ ಉಂಟಾಗುವುದು ಸ್ವಾಭಾವಿಕವೆಂದು ಎಲ್ಲರೂ ತಿಳಿದಿರುವರು. ಆದರೆ ನಮ್ಮ ಹಿರಿಯ ಕಾವ್ಯಗಳಲ್ಲಿ ಕಾಣಬರುವ ಚಿತ್ರವು ಈ ಸಾಮಾನ್ಯವಾದ ತಿಳಿವಳಿಕೆಗೆ ಹೊಂದುವುದಿಲ್ಲ. ಆದಿಪುರಾಣದಲ್ಲಿ ಮೂರು ಕಾಳಗಗಳನ್ನೂ ಗೆದ್ದ ಬಾಹುಬಲಿಯು ರಾಜ್ಯವನ್ನು ತೊರೆದು ತಪಸ್ಸಿಗೆ ನಡೆಯುತ್ತಾನೆ. ಭೀಮನ ವಿಜಯವನ್ನು ಹೆಸರಿನಲ್ಲಿಯೇ ಹೊತ್ತ ರನ್ನನ ಕಾವ್ಯದಲ್ಲಿ ಓದುಗರ ಎದೆಯು ಸೋತ ದುರ್ಯೋಧನನ ಕಡೆಗೆ ವಾಲುತ್ತದೆ. ಕಿರಾತಾರ್ಜುನ ಪ್ರಸಂಗದಲ್ಲಿ ಸೋಲನ್ನು ಉಂಡ ಅರ್ಜುನನಿಗೇ ಪಾಶುಪತವು ದೊರೆಯುತ್ತದೆ. ಗೆಲವು ನಲಿವನ್ನು ತಾರದೆ, ಸೋಲು ನಾಶವನ್ನು ತಾರದೆ ಇರುವ ಈ ಮೂರು ಪ್ರಸಂಗಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಇದಕ್ಕೆ ಪಾಠಶಾಲೆಗಳಲ್ಲಿ ಸಾಮಾನ್ಯವಾಗಿ ಕೊಡುವ ಉತ್ತರವೊಂದುಂಟು: ಇವು ಧರ್ಮೋಪದೇಶಕ್ಕಾಗಿ ಕವಿಯು ಕಥೆಯ ಮೇಲೆ ಹೊರಗಿನಿಂದ ಹೊರಿಸಿದ ಮುಕ್ತಾಯಗಳು, ಬಾಹುಬಲಿಯ ವೈರಾಗ್ಯವು ಜೈನಸಿದ್ಧಾಂತದಿಂದ ಬಂದುದೇ ಹೊರತು ಕಾಳಗದಿಂದ ಹುಟ್ಟಿದುದಲ್ಲ ಎಂಬುದು ಆ ಉತ್ತರ. ಈ ಮತವನ್ನು ಒಪ್ಪಿದರೆ ಕಾವ್ಯವು ಎರಡು ತುಂಡಾಗುತ್ತದೆ. ಒಂದು ತುಂಡಿನಲ್ಲಿ ವೀರರಸ, ಇನ್ನೊಂದರಲ್ಲಿ ಬೋಧೆ, ನಡುವೆ ಸೇತುವೆಯಿಲ್ಲ. ಪಂಪರನ್ನರಂತಹ ಕವಿಗಳ ಮೇಲೆ ಇದು ಸಣ್ಣ ಆಕ್ಷೇಪವಲ್ಲ. ಗೆಲವುಸೋಲುಗಳು ಸ್ಪರ್ಧಾಳುವಿನ ಮನಸ್ಸಿನಲ್ಲಿ ಎಬ್ಬಿಸುವ ಭಾವಗಳನ್ನು ಈ ಕವಿಗಳು ಸೂಕ್ಷ್ಮವಾಗಿ ಬಲ್ಲವರಾಗಿದ್ದರೆಂದೂ, ಆ ತಿಳಿವಿನಿಂದಲೇ ಅವರ ಮುಕ್ತಾಯಗಳು ಹುಟ್ಟಿವೆಯೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಇದಕ್ಕೆ ಗ್ರಂಥಗಳಷ್ಟೇ ಸಾಲವು. ಮಲ್ಲಕಾಳಗವು ಜನರ ಬಾಳಿನಲ್ಲಿ ಇನ್ನೂ ಉಳಿದಿರುವ ಒಂದು ನಾಡನ್ನೂ ನೋಡಬೇಕು. ಬೆಳಗಾವಿ ಜಿಲ್ಲೆಯ ಬಡಗಣ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಅಂತಹ ನಾಡು. ನಿಪ್ಪಾಣಿಗೆ ಕೊಲ್ಲಾಪುರವೂ ಕಾಗವಾಡಕ್ಕೆ ಮಿರಜೆಯೂ ನೆರೆಯ ಊರುಗಳು. ಕೊಲ್ಲಾಪುರದ ಶಾಹೂ ಮಹಾರಾಜರು (೧೮೭೪-೧೯೨೨) ಕುಸ್ತಿಗೆ ಕೊಟ್ಟ ಆಶ್ರಯವೂ, ಅವರ ಕಾಲದಲ್ಲಿ ೧೯೧೨ರಲ್ಲಿ ಸಿದ್ಧವಾದ ಖಾಸಬಾಗ ಕಣವೂ ಗಡಿಯ ಈಚೆಗಿನ ಕನ್ನಡ ಹಳ್ಳಿಗಳ ಹುಡುಗರನ್ನೂ ಮಣ್ಣಿಗೆ ಎಳೆದುವು.

ಈ ನಾಡಿಗೆ ಇನ್ನೊಂದು ಮುಖವೂ ಉಂಟು. ಇಲ್ಲಿಯ ಒಕ್ಕಲಿಗರಲ್ಲಿ ಜೈನರು ಹಲವರು. ಆಚಾರ್ಯ ಶಾಂತಿಸಾಗರರು (೧೮೭೨-೧೯೫೫) ಭೋಜ ಗ್ರಾಮದ ಮನೆತನದವರು. ಆಚಾರ್ಯ ವಿದ್ಯಾನಂದರು ಶೇಡಬಾಳದವರು. ೧೯೪೬ರಲ್ಲಿ ಹುಟ್ಟಿ ೨೦೨೪ರಲ್ಲಿ ದೇಹವಿಟ್ಟ ಆಚಾರ್ಯ ವಿದ್ಯಾಸಾಗರರು ಸದಲಗೆಯವರು. ಕೊಲ್ಲಾಪುರ ಜಿಲ್ಲೆಯ ಕುಂಭೋಜದ ಬಾಹುಬಲಿ ಕ್ಷೇತ್ರವು ಇವರೆಲ್ಲರಿಗೂ ಹತ್ತಿರದ ಯಾತ್ರಾಸ್ಥಳ. ಹೀಗೆ ಗೆಲ್ಲುವುದನ್ನು ಕಲಿಸುವ ತಾಲೀಮೂ, ಗೆದ್ದು ಬಿಟ್ಟವನನ್ನು ಪೂಜಿಸುವ ಬಸದಿಯೂ ಒಂದೇ ಸೀಮೆಯಲ್ಲಿ ಇರುವುವು. ರನ್ನನು ಹುಟ್ಟಿದ ಮುದುವೊಳಲು, ಎಂದರೆ ಈಗಿನ ಮುಧೋಳವು, ರಾಯಬಾಗದ ಮೂಡಲಿಗೆ ಹೆಚ್ಚು ದೂರವಲ್ಲ. ಪ್ರಕೃತ ವಿಷಯದ ಮೂರು ಎಳೆಗಳೂ ಇಲ್ಲಿ ಕೂಡಿಕೊಳ್ಳುವುವು.

ದಕ್ಷಿಣದಲ್ಲಿ ಗರಡಿಮನೆ ಎನ್ನುವುದನ್ನು ಇಲ್ಲಿ ತಾಲೀಮು ಎನ್ನುವರು. ಕಲಿಸುವ ಗುರುವು ವಸ್ತಾದ, ಕಲಿಯುವವನು ಪೈಲವಾನ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಹಣ್ಣಿನ ರಸಗಳನ್ನು ಬೆರೆಸಿ ಹದಮಾಡಿದ ಕಣದಲ್ಲಿ ಜಾತ್ರೆ ಉರುಸುಗಳ ಕಾಲಕ್ಕೆ ಕುಸ್ತಿಗಳು ನಡೆಯುವುವು. ಅವುಗಳಲ್ಲಿ ಹಿರಿದಾದುದು ನಿಕಾಲಿ ಕುಸ್ತಿ. ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೂ ಅದು ಮುಗಿಯಲಾರದು. ಅಂಕಗಳ ಎಣಿಕೆ ಅಲ್ಲಿಲ್ಲ. ಹೊತ್ತು ಮೀರಿದರೂ ಇತ್ಯರ್ಥವಾಗದಿದ್ದರೆ ಸಮಸಮವೆಂದು ಬಿಡಿಸುವರು. ಆಗ ಇಬ್ಬರೂ ಅತೃಪ್ತರಾಗಿಯೇ ಹೊರಡುವರು. ಗೆದ್ದರೆ ಹಲಗಿಯ ಸದ್ದಿನೊಡನೆ ಜನರು ಅವನನ್ನು ಹೆಗಲಮೇಲೆ ಹೊತ್ತು ಕಣವನ್ನು ಸುತ್ತಿಸುವರು, ರುಮಾಲು ಸುತ್ತುವರು, ದೊಡ್ಡ ಕುಸ್ತಿಯಾದರೆ ಬೆಳ್ಳಿಯ ಗದೆಯನ್ನು ಕೊಡುವರು. ಸೋತವನು ಮೈಮೇಲಿನ ಮಣ್ಣನ್ನು ಕೊಡವಿಕೊಂಡು ಗುಂಪಿನೊಳಗೆ ಕರಗಿಹೋಗುವನು.

ಈ ಕಣದಲ್ಲಿ ಗಮನಿಸಬೇಕಾದುದು ಎರಡುಂಟು. ಸೋಲೆಂಬುದು ಇಲ್ಲಿ ಬರಿಯ ಲೆಕ್ಕವಲ್ಲ, ಮೈಯ ಸ್ಥಿತಿ. ಆಕಾಶವನ್ನು ನೋಡುತ್ತ ಬಿದ್ದವನ ಸೋಲನ್ನು ನೆರೆದವರೆಲ್ಲರೂ ಏಕಕಾಲದಲ್ಲಿ ಕಾಣುವರು. ಇದು ಒಂದು. ಗೆದ್ದವನು ತಾನು ಕೆಡವಿದವನ ಮುಖವನ್ನು ಒಂದು ಗೇಣಿನಷ್ಟು ಹತ್ತಿರದಿಂದ ನೋಡಿರುವನು. ನೋಡುವವರಿಗೆ ಕಾಣದ ಆ ಮುಖವು ಅವನೊಬ್ಬನಿಗೆ ಕಂಡಿರುವುದು. ಇದು ಎರಡು. ಬಿಲ್ಲಾಳಿಗೂ ರಥಿಕನಿಗೂ ಇಲ್ಲದ ಸಾಮೀಪ್ಯವಿದು. ನಮ್ಮ ಕವಿಗಳು ಜಯಾಪಜಯಗಳ ಆಳವಾದ ಭಾವಗಳನ್ನು ತೋರಿಸಬೇಕಾದಾಗ ಮಲ್ಲಯುದ್ಧಕ್ಕೋ ಗದಾಯುದ್ಧಕ್ಕೋ ಬರುವುದು ಆಕಸ್ಮಿಕವಲ್ಲವೆಂದು ತೋರುತ್ತದೆ.

೩

ನಮ್ಮ ಆಲಂಕಾರಿಕರ ಪರಿಭಾಷೆಯು ಈ ವಿಚಾರಕ್ಕೆ ಬಹಳ ಉಪಯುಕ್ತವಾದುದು. ಭರತಮುನಿಯು ವೀರರಸಕ್ಕೆ ಸ್ಥಾಯಿಯೆಂದು ಹೇಳಿದುದು ಜಯವನ್ನಲ್ಲ, ಉತ್ಸಾಹವನ್ನು. ಗೆಲವೂ ಸೋಲೂ ಬರಿಯ ಫಲಗಳು; ರಸವು ನಿಂತಿರುವುದು ಹೋರುವ ಮನಸ್ಸಿನ ಮೇಲೆ. ಆದುದರಿಂದ ಸೋತವನೂ ವೀರರಸಕ್ಕೆ ಆಶ್ರಯನಾಗಬಹುದು. ಉತ್ಸಾಹವು ಉಡುಗಿದರೆ ಗೆದ್ದವನೂ ಅದಕ್ಕೆ ಹೊರಗಾಗಬಹುದು.

ಭರತನು ಎಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಅರ್ಧದಷ್ಟು ಕುಸ್ತಿಯ ಕಣದಲ್ಲಿಯೇ ಕಾಣಸಿಗುವುವು. ಗೆದ್ದವನಲ್ಲಿ ಹರ್ಷ, ಗರ್ವ, ಮದ; ಸೋತವನಲ್ಲಿ ವ್ರೀಡೆ, ವಿಷಾದ, ಗ್ಲಾನಿ, ದೈನ್ಯ, ಅಸೂಯೆ, ಅಮರ್ಷ; ಇಬ್ಬರಲ್ಲಿಯೂ ಶ್ರಮ, ಚಿಂತೆ, ಭಾವವನ್ನು ಮುಚ್ಚಿಕೊಳ್ಳುವ ಅವಹಿತ್ಥ. ಇವುಗಳಲ್ಲಿ ಅಮರ್ಷವನ್ನು ಬೇರೆಯಾಗಿ ಗಮನಿಸಬೇಕು. ಬಲದಲ್ಲಿಯೋ ವಿದ್ಯೆಯಲ್ಲಿಯೋ ಐಶ್ವರ್ಯದಲ್ಲಿಯೋ ಮಿಗಿಲಾದವನಿಂದ ಅವಮಾನಿತನಾದವನಲ್ಲಿ ಹುಟ್ಟುವ ಅಸಹನೆಯೇ ಅಮರ್ಷ. ತಲೆಯನ್ನು ಅಲುಗಿಸುವುದು, ಬೆವರುವುದು, ಮುಖವನ್ನು ತಗ್ಗಿಸಿ ಯೋಚಿಸುವುದು, ಉಪಾಯವನ್ನು ಹುಡುಕುವುದು ಅದರ ಅನುಭಾವಗಳು. ವಿಷಾದವು ಸೋತವನನ್ನು ಕುಳ್ಳಿರಿಸುತ್ತದೆ, ಅಮರ್ಷವು ಎಬ್ಬಿಸುತ್ತದೆ. ಸೋಲಿನ ಮುಂದಿನ ಗತಿಯೆಲ್ಲವೂ ಈ ಎರಡರಲ್ಲಿ ಯಾವುದು ಮೇಲುಗೈಯಾಗುವುದೆಂಬುದನ್ನು ಅವಲಂಬಿಸಿರುವುದು.

ಇನ್ನು ಮೂವತ್ತಮೂರರ ಪಟ್ಟಿಯಲ್ಲಿ ಮೊದಲನೆಯದು ನಿರ್ವೇದ. ಮಂಗಳಕರವಲ್ಲದ ಇದನ್ನು ಮೊದಲಿಗೆ ಇಟ್ಟುದೇಕೆಂಬ ಪ್ರಶ್ನೆಯನ್ನು ಎತ್ತಿ, ಅದು ಶಾಂತರಸಕ್ಕೆ ಸ್ಥಾಯಿಯೂ ಆಗಬಲ್ಲುದೆಂದು ಸೂಚಿಸುವುದಕ್ಕಾಗಿಯೇ ಹಾಗೆ ಇಟ್ಟಿದೆಯೆಂದು ಮಮ್ಮಟನು ಸಮಾಧಾನ ಹೇಳಿದನು. ಒಂದೇ ಭಾವವು ವೀರದಲ್ಲಿ ಬಂದುಹೋಗುವ ಅಲೆಯೂ ಶಾಂತದಲ್ಲಿ ನಿಲ್ಲುವ ನೆಲೆಯೂ ಆಗಬಹುದೆಂಬ ಈ ಮಾತು ಆದಿಪುರಾಣಕ್ಕೆ ಬೀಗದ ಕೈಯಂತಿದೆ. ಬಾಹುಬಲಿಯಲ್ಲಿ ಆದುದು ಇದೇ: ಕಣದಲ್ಲಿ ಅಲೆಯಾಗಿ ಬಂದ ನಿರ್ವೇದವು ಅಡವಿಯಲ್ಲಿ ನೆಲೆಯಾಗಿ ನಿಂತಿತು. ಹೀಗಿರಲು ವೀರಕ್ಕೂ ಶಾಂತಕ್ಕೂ ನಡುವೆ ಸೇತುವೆಯಿಲ್ಲವೆಂಬ ಆಕ್ಷೇಪವು ನಿಲ್ಲಲಾರದು.

೪

೯೪೧ರಲ್ಲಿ ರಚಿತವಾದ ಪಂಪನ ಆದಿಪುರಾಣವು ಜಿನಸೇನರ ಸಂಸ್ಕೃತ ಪೂರ್ವಪುರಾಣದ ದಾರಿಯನ್ನು ಹಿಡಿದುದು. ಅದರಲ್ಲಿ ಭರತನ ಕಥೆಯು ಗೆದ್ದವನ ಮನಸ್ಸಿನ ಕಥೆ. ಷಟ್ಖಂಡಗಳನ್ನು ಗೆದ್ದ ಭರತನು ತನ್ನ ಕೀರ್ತಿಯನ್ನು ಬರೆಸಲು ವೃಷಭಾಚಲಕ್ಕೆ ಬರುತ್ತಾನೆ. ಅಲ್ಲಿ ಬರೆಯಲು ತೆರಪೇ ಇಲ್ಲ. ಹಿಂದಿನ ಚಕ್ರವರ್ತಿಗಳ ಶಾಸನಗಳು ಬೆಟ್ಟವನ್ನೆಲ್ಲ ತುಂಬಿರುವುವು. ಒಬ್ಬನ ಬರೆಹವನ್ನು ಅಳಿಸಿಯೇ ತನ್ನದನ್ನು ಬರೆಸಬೇಕಾಗುತ್ತದೆ. ಇಲ್ಲಿ ಅವನನ್ನು ಸೋಲಿಸಿದವನು ಯಾವನೂ ಇಲ್ಲ. ಆದರೂ ಗರ್ವವು ಮುರಿಯುತ್ತದೆ. ತನಗಿಂತ ಮೊದಲು ಎಷ್ಟೋ ಮಂದಿ ಇದೇ ಗೆಲವನ್ನು ಗೆದ್ದಿದ್ದರೆಂಬ ಅರಿವೇ ಗೆಲವಿನ ರುಚಿಯನ್ನು ಕೆಡಿಸುವುದು. ಗೆದ್ದವನ ವ್ರೀಡೆಯನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಪ್ರಸಂಗವು ಬೇರೆ ಸಾಹಿತ್ಯಗಳಲ್ಲಿಯೂ ವಿರಳವೆಂದೇ ಹೇಳಬೇಕು.

ಮುಂದೆ ಚಕ್ರರತ್ನವು ರಾಜಧಾನಿಯ ಹೊರಗೆ ನಿಂತುಬಿಡುತ್ತದೆ. ಗೆಲ್ಲಬೇಕಾದವರು ಇನ್ನೂ ಉಳಿದಿರುವರು. ಅವರು ಸ್ವಂತ ತಮ್ಮಂದಿರು. ಉಳಿದವರು ತಂದೆಯ ಬಳಿಗೆ ಹೋಗಿ ದೀಕ್ಷೆಗೊಂಡರು. ಪೌದನಪುರದ ಬಾಹುಬಲಿಯೊಬ್ಬನು ತಲೆಬಾಗಲಿಲ್ಲ. ಎರಡು ಸೇನೆಗಳು ವ್ಯರ್ಥವಾಗಿ ಸಾಯುವುದು ಬೇಡವೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಸ್ಪರ್ಧೆಗಳನ್ನು ನಿಶ್ಚಯಿಸಿದರು. ಯುದ್ಧವನ್ನು ಬಿಟ್ಟು ಆಟವನ್ನು ಆರಿಸಿಕೊಂಡ ಪ್ರಸಂಗವಿದು. ನಿಯಮವುಂಟು, ಸಾಕ್ಷಿಗಳುಂಟು, ಕೊಲ್ಲುವುದಿಲ್ಲವೆಂಬ ಒಪ್ಪಂದವುಂಟು. ಭರತನ ಎತ್ತರವು ಐನೂರು ಬಿಲ್ಲು, ಬಾಹುಬಲಿಯದು ಐನೂರ ಇಪ್ಪತ್ತೈದು; ಈ ಇಪ್ಪತ್ತೈದು ಬಿಲ್ಲುಗಳ ಅಂತರದಿಂದಲೇ ಅಣ್ಣನು ಎರಚಿದ ನೀರು ತಮ್ಮನ ಎದೆಯವರೆಗೆ ಮಾತ್ರ ಮುಟ್ಟುವುದು, ತಮ್ಮನು ಎರಚಿದ ನೀರು ಅಣ್ಣನ ಮುಖಕ್ಕೇ ಬಡಿಯುವುದು. ಚಕ್ರವರ್ತಿತ್ವದ ಬಲವೆಲ್ಲವೂ ಮೈಯಳತೆಯ ಮುಂದೆ ನಡೆಯಲಿಲ್ಲವೆಂಬುದು ಇದರ ಧ್ವನಿ.

ಮಲ್ಲಯುದ್ಧದಲ್ಲಿ ಬಾಹುಬಲಿಯು ಅಣ್ಣನನ್ನು ಎತ್ತಿಹಿಡಿದನು, ನೆಲಕ್ಕೆ ಅಪ್ಪಳಿಸಲಿಲ್ಲ. ಕುಸ್ತಿಯನ್ನು ಬಲ್ಲವರಿಗೆ ಇದರ ತೂಕವು ತಿಳಿಯುವುದು. ಎತ್ತುವುದಕ್ಕೆ ಬೇಕಾದ ಬಲಕ್ಕಿಂತಲೂ ಎತ್ತಿದವನನ್ನು ಕೆಡವದೆ ಇಳಿಸುವುದಕ್ಕೆ ಬೇಕಾದ ಹಿಡಿತವು ಹೆಚ್ಚಿನದು. ಆದರೆ ಸೋತವನಿಗೆ ಈ ಕರುಣೆಯೇ ಬೆಂಕಿಯಾಯಿತು. ಬಿದ್ದಿದ್ದರೆ ಬರಿಯ ಸೋಲು. ಗೆದ್ದವನ ಕೈಯಲ್ಲಿ ಕೂಸಿನಂತೆ ತೂಗಿದುದು ಅವಮಾನ. ಭರತನ ವ್ರೀಡೆಯು ಅಮರ್ಷಕ್ಕೂ ಅಮರ್ಷವು ಕ್ರೋಧಕ್ಕೂ ತಿರುಗಿ, ಒಪ್ಪಂದವನ್ನು ಮುರಿದು ಅವನು ತಮ್ಮನಮೇಲೆ ಚಕ್ರವನ್ನು ಪ್ರಯೋಗಿಸುತ್ತಾನೆ. ಚಕ್ರವು ಬಾಹುಬಲಿಯನ್ನು ಬಲಗೊಂಡು ನಿಂತುಬಿಡುತ್ತದೆ.

ಬಾಹುಬಲಿಯ ವೈರಾಗ್ಯವು ಹುಟ್ಟುವುದು ಈ ಕ್ಷಣದಲ್ಲಿ. ಮಲ್ಲಯುದ್ಧವನ್ನು ಗೆದ್ದ ಕೂಡಲೆ ಅವನಿಗೆ ವೈರಾಗ್ಯವು ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದು ಬಂದುದು ಸೋತ ಅಣ್ಣನು ಏನಾದನೆಂಬುದನ್ನು ಕಂಡಮೇಲೆ. ಗೆಲ್ಲಬೇಕೆಂಬ ಹಂಬಲವು ಧರ್ಮಿಷ್ಠನಾದ ಹಿರಿಯನನ್ನು ನಿಯಮಭಂಗಕ್ಕೂ ಭ್ರಾತೃಹತ್ಯೆಯ ಅಂಚಿಗೂ ತಂದಿತು. ಆ ಸ್ಥಿತಿಗೆ ತನ್ನ ಗೆಲವೇ ಕಾರಣವಾಯಿತು. ಗೆದ್ದವನು ತನ್ನ ಗೆಲವನ್ನು ಸೋತವನ ಮುಖದಲ್ಲಿ ಓದಿದನು. ಇಲ್ಲಿ ಸಿದ್ಧಾಂತವು ಹೊರಗಿನಿಂದ ಬಂದುದಿಲ್ಲ. ಕಣದಲ್ಲಿ ಕಂಡುದೇ ಸಿದ್ಧಾಂತವಾಯಿತು.

೫

ಈ ಅಭಿಪ್ರಾಯಕ್ಕೆ ಬಲವಾದ ಆಧಾರವು ಕಥೆಯ ಕೊನೆಯಲ್ಲಿದೆ. ಬಾಹುಬಲಿಯು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಬಳ್ಳಿಗಳು ಮೈಯನ್ನು ಹಬ್ಬಿದುವು. ಆದರೂ ಕೇವಲಜ್ಞಾನವು ಉದಿಸಲಿಲ್ಲ. ಎದೆಯಲ್ಲಿ ಉಳಿದಿದ್ದ ಮುಳ್ಳು ಯಾವುದು? ಈ ಪ್ರಶ್ನೆಗೆ ಎರಡು ಜೈನ ಪರಂಪರೆಗಳು ಕೊಡುವ ಉತ್ತರಗಳು ಬೇರೆ ಬೇರೆ.

ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಹೇಳುವ ಶ್ವೇತಾಂಬರ ಕಥೆಯಲ್ಲಿ, ಅಣ್ಣನನ್ನು ಹೊಡೆಯಲು ಎತ್ತಿದ ಮುಷ್ಟಿಯಿಂದಲೇ ಬಾಹುಬಲಿಯು ತನ್ನ ಕೂದಲನ್ನು ಕಿತ್ತುಕೊಂಡು ಮುನಿಯಾದನು. ಆದರೆ ತನಗಿಂತ ಮೊದಲು ದೀಕ್ಷೆಗೊಂಡ ಕಿರಿಯ ತಮ್ಮಂದಿರಿಗೆ ನಮಸ್ಕರಿಸಬೇಕಾದೀತೆಂಬ ಅಭಿಮಾನವು ಉಳಿಯಿತು. ಸೋದರಿಯರಾದ ಬ್ರಾಹ್ಮಿಯೂ ಸುಂದರಿಯೂ ಬಂದು ಆನೆಯಿಂದ ಇಳಿಯೆಂದು ಎಚ್ಚರಿಸಿದಾಗ ಅವನಿಗೆ ಅರಿವಾಯಿತು. ದಿಗಂಬರ ಪರಂಪರೆಯ ಜಿನಸೇನರಲ್ಲಿ ಮುಳ್ಳು ಬೇರೆ: ಭರತನು ತನ್ನಿಂದ ನೊಂದನಲ್ಲಾ ಎಂಬ ಚಿಂತೆ. ಆದುದರಿಂದಲೇ ಭರತನು ಬಂದು ಪೂಜಿಸಿದಾಗ ಆ ಚಿಂತೆಯು ಕಳೆದು ಕೇವಲಜ್ಞಾನವು ಉಂಟಾಯಿತು. ಭರತನ ನೆಲದಮೇಲೆ ನಿಂತಿರುವೆನೆಂಬ ಶಲ್ಯವಿತ್ತೆಂದು ಹೇಳುವ ವಾಡಿಕೆಯೂ ಉಂಟು.

ಇವೆಲ್ಲವೂ ಗೆದ್ದವನಲ್ಲಿ ಉಳಿದ ಶೇಷಗಳೇ. ಆದರೆ ಗರ್ವದ ಶೇಷಕ್ಕೂ ಕರುಣೆಯ ಶೇಷಕ್ಕೂ ಬಹಳ ಅಂತರವುಂಟು. ಗರ್ವವು ತನ್ನನ್ನು ಕುರಿತುದು. ಅದನ್ನು ತಾನೇ ಬಿಡಬಹುದು. ಸೋತವನು ನೊಂದನೆಂಬ ಚಿಂತೆಯನ್ನು ಗೆದ್ದವನೊಬ್ಬನೇ ಬಿಡಿಸಿಕೊಳ್ಳಲಾರನು. ಸೋತವನೇ ಬಂದು ಬಿಡಿಸಬೇಕು. ಗೆದ್ದವನ ಮೋಕ್ಷವು ಸೋತವನ ಮನಸ್ಸಿನ ಮೇಲೆ ನಿಂತಿರುವುದೆಂಬ ಈ ಕಲ್ಪನೆಯು ಅಪೂರ್ವವಾದುದು. ಕನ್ನಡನಾಡಿಗೆ ಬಂದುದು ಈ ದಿಗಂಬರ ಕಥೆಯೇ ಎಂಬುದನ್ನು ನಾವು ಮರೆಯಬಾರದು.

ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಮೂರ್ತಿಯನ್ನು ಈ ದೃಷ್ಟಿಯಿಂದ ನೋಡಬೇಕು. ಗೆದ್ದವನ ಪ್ರತಿಮೆಯನ್ನು ನಿಲ್ಲಿಸದ ದೇಶವಿಲ್ಲ. ಅಂತಹ ಪ್ರತಿಮೆಗಳಲ್ಲಿ ಆಯುಧವೋ ಕುದುರೆಯೋ ಎತ್ತಿದ ಕೈಯೋ ಇರುವುದು ವಾಡಿಕೆ. ಇಲ್ಲಿಯ ಗೆಲವಿಗೆ ಗುರುತು ಇಳಿಬಿಟ್ಟ ಎರಡು ತೋಳುಗಳು. ಗೆದ್ದ ತೋಳುಗಳೂ ಅವೇ, ಬಿಟ್ಟ ತೋಳುಗಳೂ ಅವೇ.

ಹದಿನಾರನೆಯ ಶತಮಾನದ ರತ್ನಾಕರವರ್ಣಿಯು ಭರತೇಶವೈಭವದಲ್ಲಿ ಈ ಕಥೆಯನ್ನು ತಿರುವಿದನು. ಅವನ ಭರತನು ಭೋಗದಲ್ಲಿಯೂ ಯೋಗಿ. ಅಂತಹವನು ತಮ್ಮನ ಕೈಯಲ್ಲಿ ಸೋತು, ರೋಷಗೊಂಡು, ಚಕ್ರವನ್ನೆಸೆದನೆಂದರೆ ಕಾವ್ಯದ ಬುನಾದಿಯೇ ಕುಸಿಯುವುದು. ಆದುದರಿಂದ ಅಲ್ಲಿ ಕಾಳಗವು ನಡೆಯುವುದೇ ಇಲ್ಲ. ಅಣ್ಣನ ಮಾತಿಗೆ ತಮ್ಮನ ಮನಸ್ಸು ಕರಗುತ್ತದೆ. ಕಥಾನಾಯಕನ ಘನತೆಯು ಇದರಿಂದ ಉಳಿಯಿತೆಂಬುದು ನಿಜ. ಆದರೆ ಸೋಲನ್ನು ತೆಗೆದುಹಾಕಿದೊಡನೆ ಗೆದ್ದವನ ಅಳಲೂ ಹೋಯಿತು; ಬಾಹುಬಲಿಯ ವೈರಾಗ್ಯಕ್ಕೆ ಆದಿಪುರಾಣದಲ್ಲಿದ್ದ ಬಲವು ಇಲ್ಲಿ ಉಳಿಯಲಿಲ್ಲ. ಸಾಂಗತ್ಯದ ಮಾಧುರ್ಯವನ್ನು ಎಷ್ಟು ಮೆಚ್ಚಿದರೂ, ಸೋಲನ್ನು ಎದುರಿಸಿದ ಪಂಪನ ಮಾರ್ಗವೇ ಹಿರಿದೆಂದು ನಮ್ಮ ಅಭಿಪ್ರಾಯ.

೬

ಪಂಪನಲ್ಲಿ ಗೆದ್ದವನ ಮನಸ್ಸು ಕಂಡರೆ ರನ್ನನಲ್ಲಿ ಸೋಲುವವನ ಮನಸ್ಸು ಕಾಣುವುದು. ಸಾಹಸಭೀಮವಿಜಯವೆಂಬ ಹೆಸರಿನಿಂದಲೇ ಕಾವ್ಯದ ಫಲವು ಮೊದಲೇ ಗೊತ್ತು. ಯಾರು ಗೆಲ್ಲುವರೆಂಬ ಕುತೂಹಲವಿಲ್ಲದಿರುವುದರಿಂದ, ಸೋಲುವವನು ಸೋಲನ್ನು ಹೇಗೆ ಎದುರುಗೊಳ್ಳುವನೆಂಬುದೇ ಮುಖ್ಯವಾಗುವುದು. ಸಂಜಯನೊಡನೆ ಕಳನನ್ನು ತುಳಿಯುತ್ತ ನಡೆವ ದುರ್ಯೋಧನನು ಗುರುವನ್ನೂ ತಮ್ಮನನ್ನೂ ಮಗನನ್ನೂ ಗೆಳೆಯ ಕರ್ಣನನ್ನೂ ಹೆಣವಾಗಿ ಕಂಡು ಮರುಗುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ವೀರವನ್ನೂ ಮೆಚ್ಚುತ್ತಾನೆ. ಎದುರಾಳಿಯ ಮೇಲ್ಮೆಯನ್ನು ಒಪ್ಪಿಕೊಳ್ಳುವ ಶಕ್ತಿಯು ಗೆಲ್ಲುತ್ತಿದ್ದ ದಿನಗಳಲ್ಲಿ ಅವನಲ್ಲಿ ಕಾಣಲಿಲ್ಲ; ಸೋಲು ಅದನ್ನು ಹೊರಗೆಳೆಯಿತು.

ಬಳಿಕ ವೈಶಂಪಾಯನ ಸರೋವರದ ಪ್ರಸಂಗ. ನೀರಿನೊಳಗೆ ಅಡಗಿದ್ದವನು ಭೀಮನ ಮೂದಲೆಯ ಗರ್ಜನೆಯನ್ನು ಕೇಳಿ ನೀರಿನಲ್ಲಿಯೇ ಬೆವರಿದನೆಂದು ರನ್ನನು ವರ್ಣಿಸಿದುದು ಕನ್ನಡಿಗರೆಲ್ಲರಿಗೂ ಪರಿಚಿತ. ಇದನ್ನು ಅತಿಶಯೋಕ್ತಿಯ ಚಮತ್ಕಾರವೆಂದು ಮೆಚ್ಚಿ ಮುಂದೆ ಹೋಗುವುದು ರೂಢಿ. ಆದರೆ ಬೆವರು ಅಮರ್ಷದ ಅನುಭಾವಗಳಲ್ಲಿ ಒಂದೆಂಬುದನ್ನು ಮೇಲೆ ಹೇಳಿದೆ. ದುರ್ಯೋಧನನ ಬುದ್ಧಿಯು ಅಡಗಿರಬೇಕೆಂದು ನಿಶ್ಚಯಿಸಿರುವಾಗಲೇ ಅವನ ಮೈಯು ಏಳಬೇಕೆಂದು ನಿಶ್ಚಯಿಸಿಬಿಟ್ಟಿದೆ. ಭಯದ ಬೆವರೋ ರೋಷದ ಬೆವರೋ ಎಂದು ಕೇಳುವವರಿಗೆ, ಅವನು ಎದ್ದು ಹೊರಕ್ಕೆ ಬಂದುದೇ ಉತ್ತರ.

ಸೋಲನ್ನು ತಪ್ಪಿಸಿಕೊಳ್ಳುವುದಕ್ಕೂ ಸೋಲನ್ನು ಎದುರಿಸುವುದಕ್ಕೂ ಇರುವ ಅಂತರವನ್ನು ಕುಸ್ತಿಯ ಇತಿಹಾಸದ ಒಂದು ಪ್ರಸಂಗವು ವಿಶದಪಡಿಸುತ್ತದೆ. ೧೯೧೦ರ ಸೆಪ್ಟೆಂಬರ್ ೧೦ರಂದು ಲಂಡನ್ನಿನಲ್ಲಿ ಗಾಮಾ ಪೈಲವಾನನೊಡನೆ ಹೋರಿದ ಜ್ಬಿಸ್ಕೋ ಎಂಬ ಪೋಲಿಷ್ ಮಲ್ಲನು ಎರಡು ಗಂಟೆಗೂ ಮಿಗಿಲಾಗಿ ಬಹುತೇಕ ನೆಲವನ್ನು ಅಪ್ಪಿಕೊಂಡೇ ಕಾಲ ಕಳೆದನು. ಕುಸ್ತಿಯು ಸಮವಾಯಿತು. ಸೆಪ್ಟೆಂಬರ್ ೧೭ರಂದು ಮತ್ತೆ ಹೋರಬೇಕಾಗಿದ್ದಾಗ ಅವನು ಬರಲಿಲ್ಲ. ಗಾಮಾ ಗೆದ್ದನೆಂದು ಸಾರಿದರು. ೧೯೨೮ರಲ್ಲಿ ಪಟಿಯಾಲೆಗೆ ಬಂದು ಹೋರಿದಾಗ ಒಂದು ನಿಮಿಷದೊಳಗೆ ಸೋತನು. ಮೊದಲನೆಯದು ಸರೋವರದೊಳಗಿನ ದುರ್ಯೋಧನ, ಕೊನೆಯದು ಹೊರಬಂದ ದುರ್ಯೋಧನ. ಹದಿನೆಂಟು ವರ್ಷಗಳ ತರುವಾಯ ಸೋಲನ್ನು ಎದುರಿಸಲು ಬಂದವನಲ್ಲಿ, ಅಂದು ಸೋಲದೆ ಉಳಿದವನಲ್ಲಿ ಇಲ್ಲದ ಒಂದು ಘನತೆಯುಂಟು.

ಭೀಮನ ಗೆಲವಾದರೋ ತೊಡೆಗೆ ಹೊಡೆದು ಪಡೆದುದು. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದೆಯ ನಿಯಮ. ಪ್ರತಿಜ್ಞೆಯು ಬೇರೆ, ಪಂದ್ಯದ ಧರ್ಮವು ಬೇರೆ. ವ್ಯಾಸಭಾರತದಲ್ಲಿ ಬಲರಾಮನು ಸಿಟ್ಟಿನಿಂದ ಎದ್ದುದು ಈ ಕಾರಣಕ್ಕಾಗಿಯೇ. ನಿಯಮವನ್ನು ಮುರಿದ ಗೆಲವಿನಲ್ಲಿ ಹರ್ಷವಿರಬಹುದು, ಪ್ರಸಾದವಿರಲಾರದು. ಬಿ. ಎಂ. ಶ್ರೀಕಂಠಯ್ಯನವರು ಗದಾಯುದ್ಧವನ್ನು ನಾಟಕವಾಗಿ ಅಳವಡಿಸಿದಾಗ ದುರ್ಯೋಧನನಲ್ಲಿ ದುರಂತನಾಯಕನ ಲಕ್ಷಣಗಳು ಎದ್ದು ಕಂಡುವು. ಇದು ಪಾಶ್ಚಾತ್ಯ ದೃಷ್ಟಿಯಿಂದ ಮಾತ್ರ ಕಂಡುದೆಂದು ಹೇಳಬೇಕಾಗಿಲ್ಲ. ನಮ್ಮ ಊರುಗಳ ವೀರಗಲ್ಲುಗಳಲ್ಲಿ ಕಾದಿ ಬಿದ್ದವನೇ ಮೇಲಿನ ಸಾಲುಗಳಲ್ಲಿ ಅಪ್ಸರೆಯರೊಡನೆ ಸ್ವರ್ಗಕ್ಕೇರುವನು. ಬಿದ್ದವನಿಗೆ ಕಲ್ಲು ನಿಲ್ಲಿಸಿದ ನಾಡಿನಲ್ಲಿ ರನ್ನನು ಹುಟ್ಟಿದುದು.

೭

ಮೂರನೆಯದು ಕಿರಾತಾರ್ಜುನ ಪ್ರಸಂಗ. ವ್ಯಾಸರಿಂದ ಹಿಡಿದು ಭಾರವಿ, ಕುಮಾರವ್ಯಾಸ, ಷಡಕ್ಷರದೇವರವರೆಗೆ ಕವಿಗಳನ್ನು ಸೆಳೆದ ಈ ಕಥೆಯಲ್ಲಿ ಸೋಲಿನ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಬಾಣಗಳು ತೀರುವುವು, ಬಿಲ್ಲು ಹೋಗುವುದು, ಕತ್ತಿಯು ಕೆಲಸಕ್ಕೆ ಬಾರದು. ಕಡೆಗೆ ಬರಿಯ ತೋಳು ಉಳಿಯುವುದು. ಗಳಿಸಿದುದೆಲ್ಲವೂ ಒಂದೊಂದಾಗಿ ಹೋದಮೇಲೆ ಮಲ್ಲಯುದ್ಧವು ಬರುವುದು. ಅದರಲ್ಲಿಯೂ ಸೋತು, ಮಣ್ಣಿನ ಲಿಂಗವನ್ನು ಮಾಡಿ ಹೂಮಾಲೆಯನ್ನು ಏರಿಸಿದಾಗ ಆ ಮಾಲೆಯು ಬೇಡನ ತಲೆಯ ಮೇಲೆ ಕಾಣುವುದು ವ್ಯಾಸಭಾರತದ ಕಥೆ. ಭಾರವಿಯು ಇನ್ನೊಂದು ಬಗೆಯಾಗಿ ಕಂಡನು: ಮೇಲಕ್ಕೆ ನೆಗೆದ ಶಿವನ ಕಾಲನ್ನು ಅರ್ಜುನನು ಹಿಡಿದನು, ಶಿವನು ಮೆಚ್ಚಿ ಅಪ್ಪಿಕೊಂಡನು. ಕೆಡವುವುದಕ್ಕಾಗಿ ಹಿಡಿದ ಕಾಲೇ ಶರಣಾಗತಿಯ ಕಾಲಾಯಿತು. ಕಾಲುಹಿಡಿಯುವ ಪಟ್ಟೂ ಕಾಲಿಗೆ ಬೀಳುವ ಭಕ್ತಿಯೂ ಒಂದೇ ಚಲನೆಯಲ್ಲಿ ಕೂಡಿದುವು. ಕುಸ್ತಿಗೆ ಮೊದಲು ವಸ್ತಾದನ ಪಾದವನ್ನೂ ಕಣದ ಮಣ್ಣನ್ನೂ ಮುಟ್ಟಿ ಹಣೆಗೆ ಒತ್ತಿಕೊಳ್ಳುವ ನಿಪ್ಪಾಣಿಯ ಕಡೆಯ ಹುಡುಗನಿಗೆ ಈ ಶ್ಲೇಷವನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಅರ್ಜುನನ ಸೋಲು ವಿಷಾದದಲ್ಲಿಯೂ ನಿಲ್ಲಲಿಲ್ಲ, ಕ್ರೋಧದಲ್ಲಿಯೂ ಮುಗಿಯಲಿಲ್ಲ. ಎದುರಾಳಿಯು ಯಾರೆಂಬ ಅರಿವಿನಲ್ಲಿ ಮುಗಿಯಿತು. ತನ್ನನ್ನು ಸೋಲಿಸಿದವನನ್ನು ತಿಳಿದುಕೊಂಡವನಿಗೆ ಸೋಲು ವಿದ್ಯೆಯಾಗುವುದೆಂಬುದೇ ಪಾಶುಪತದ ಅರ್ಥವೆಂದು ತೋರುತ್ತದೆ. ಭರತನು ತನ್ನ ಎದುರಾಳಿಯನ್ನು ತಮ್ಮನೆಂದು ಬಲ್ಲವನಾಗಿದ್ದರೂ ಆ ಗಳಿಗೆಯಲ್ಲಿ ತಿಳಿಯದೆಹೋದನು. ಅರ್ಜುನನು ಬೇಡನೆಂದು ಬಗೆದಿದ್ದವನನ್ನು ಕೊನೆಗೆ ತಿಳಿದನು. ಎರಡು ಸೋಲುಗಳ ಭೇದವೆಲ್ಲವೂ ಇಷ್ಟರಲ್ಲಿದೆ.

೮

ಈಚಿನ ಮನಶ್ಶಾಸ್ತ್ರಜ್ಞರು ಕಂಡುಕೊಂಡ ಕೆಲವು ಸಂಗತಿಗಳು ಈ ಕವಿಗಳ ತಿಳಿವನ್ನು ಬೇರೆ ದಾರಿಯಿಂದ ಸಮರ್ಥಿಸುವುವು. ೧೯೯೨ರ ಬಾರ್ಸಿಲೋನಾ ಒಲಿಂಪಿಕ್ ಕ್ರೀಡೆಗಳ ಚಿತ್ರಗಳನ್ನು ಪರೀಕ್ಷಿಸಿ ಮೆಡ್ವೆಕ್, ಮೇಡಿ, ಗಿಲೊವಿಚ್ ಎಂಬ ಮೂವರು ೧೯೯೫ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಎರಡನೆಯ ಸ್ಥಾನದ ಬೆಳ್ಳಿಯನ್ನು ಪಡೆದವರಿಗಿಂತ ಮೂರನೆಯ ಸ್ಥಾನದ ಕಂಚನ್ನು ಪಡೆದವರೇ ಹೆಚ್ಚು ಸಂತುಷ್ಟರಾಗಿ ಕಾಣುವರು. ಬೆಳ್ಳಿಯವನು ತಪ್ಪಿಹೋದ ಚಿನ್ನವನ್ನು ನೆನೆಯುವನು. ಕಂಚಿನವನು ಏನೂ ಇಲ್ಲದೆ ಹೋಗಬಹುದಾಗ್ದಿತ್ತೆಂಬುದನ್ನು ನೆನೆಯುವನು. ಷಟ್ಖಂಡಗಳನ್ನು ಗೆದ್ದು ಒಬ್ಬನಿಗೆ ಸೋತ ಭರತನು ಬೆಳ್ಳಿಯವರಲ್ಲಿ ಮೊದಲಿಗನು. ೨೦೦೪ರ ಅಥೆನ್ಸ್ ಕ್ರೀಡೆಗಳ ಜೂಡೋ ಮಲ್ಲರನ್ನು ಕುರಿತು ಟ್ರೇಸಿ, ಮಾತ್ಸುಮೋತೋ ಎಂಬವರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟುಗುರುಡರೂ ಗೆದ್ದಾಗ ಎದೆಯನ್ನು ಉಬ್ಬಿಸಿ ತೋಳೆತ್ತುವರೆಂದೂ ಸೋತಾಗ ಹೆಗಲನ್ನು ಕುಗ್ಗಿಸುವರೆಂದೂ ಕಂಡುಬಂದಿತು. ಗರ್ವವ್ರೀಡೆಗಳ ಅನುಭಾವಗಳು ನೋಡಿ ಕಲಿತವಲ್ಲವೆಂದಾಯಿತು. ಹಾಗಾದರೆ ಇಳಿಬಿಟ್ಟ ತೋಳುಗಳ ಗೆಲವೇ ಕಲಿಯಬೇಕಾದುದು. ಬಾಹುಬಲಿಯ ಮೂರ್ತಿಯ ಮಹತ್ವವು ಇದರಿಂದ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ.

ಸೋತವನು ತನ್ನ ಸೋಲಿಗೆ ಯಾವ ಕಾರಣವನ್ನು ಕಂಡುಕೊಳ್ಳುವನೋ ಅದರಂತೆ ಅವನ ಭಾವವೂ ಇರುವುದೆಂದು ವೈನರ್ ಎಂಬ ಪಂಡಿತನು ವಿವರಿಸಿರುವನು. ಬದಲಾಗದ ಕಾರಣವೆಂದರೆ ಹತಾಶೆ. ತಿದ್ದಿಕೊಳ್ಳಬಹುದಾದ ಕಾರಣವೆಂದರೆ ಮರಳಿ ಉತ್ಸಾಹ. ಖಾಶಾಬಾ ಜಾಧವರ ಬಾಳು ಇದಕ್ಕೆ ನಿದರ್ಶನ. ಕೊಲ್ಲಾಪುರದಲ್ಲಿ ಪಳಗಿದ ಅವರು ೧೯೪೮ರ ಲಂಡನ್ ಒಲಿಂಪಿಕ್ಕಿನಲ್ಲಿ ಆರನೆಯವರಾದರು. ಮಣ್ಣಿಗೆ ಒಗ್ಗಿದ ಕಾಲುಗಳಿಗೆ ಅಲ್ಲಿಯ ಗಾದಿಯು ಹೊಸದು. ಕಾರಣವು ತಿದ್ದಿಕೊಳ್ಳತಕ್ಕದ್ದಾಗಿತ್ತು, ತಿದ್ದಿಕೊಂಡರು. ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಗೆದ್ದು, ಸ್ವತಂತ್ರ ಭಾರತಕ್ಕೆ ವ್ಯಕ್ತಿಗತ ಸ್ಪರ್ಧೆಯಲ್ಲಿ ಮೊದಲ ಒಲಿಂಪಿಕ್ ಪದಕವನ್ನು ತಂದರು.

ಇಲ್ಲಿಗೆ ಒಂದು ಆಕ್ಷೇಪವು ಏಳಬಹುದು. ಭರತಬಾಹುಬಲಿಗಳು ಅರಸುಮಕ್ಕಳು, ರಾಜ್ಯವಿದ್ದವನು ಅದನ್ನು ಬಿಡಬಹುದು. ಕಬ್ಬಿನ ಗದ್ದೆಯಿಂದಲೋ ತಂಬಾಕಿನ ಹೊಲದಿಂದಲೋ ಬಂದು, ಹಾಲು ಬಾದಾಮಿಗಳಿಗೆ ಮನೆಯವರು ಹೊಟ್ಟೆ ಕಟ್ಟಿ ಹಣ ಕೂಡಿಸಿದ ಪೈಲವಾನನಿಗೆ ಸೋಲೆಂದರೆ ಇನಾಮು ತಪ್ಪುವುದು, ಮುಂದಿನ ಕುಸ್ತಿಯ ಕರೆ ಬಾರದಿರುವುದು. ಅವನ ಅಳಲನ್ನು ಈ ಕಾವ್ಯಗಳು ಹೇಳಿರುವುವೇ? ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸವು ಮಲ್ಲರ ತರಗತಿಗಳನ್ನೂ ಆಹಾರವ್ಯಾಯಾಮಗಳನ್ನೂ ವಿವರವಾಗಿ ಹೇಳಿದರೂ ಅದು ಅರಸನ ವಿನೋದದ ದೃಷ್ಟಿಯಿಂದ ಹೇಳಿದುದು. ವ್ಯಾಸಭಾರತದ ವಿರಾಟಪರ್ವದಲ್ಲಿ ಮಾತ್ರ ಒಂದು ಮಿಂಚು ಕಾಣುವುದು. ಬಾಣಸಿಗನ ವೇಷದ ಭೀಮನು ಜೀಮೂತನೆಂಬ ಮಲ್ಲನನ್ನು ಗೆದ್ದನು. ತಾನು ಯಾರೆಂದು ಹೇಳಿಕೊಳ್ಳುವಂತಿಲ್ಲದುದರಿಂದ ಗೆಲವಿನ ಹರ್ಷವನ್ನು ಅವಹಿತ್ಥದಿಂದ ಮುಚ್ಚಿಕೊಂಡನು. ಅವನಿಗೆ ದೊರೆತ ಫಲವೇನು? ಅಂತಃಪುರದ ಹೆಂಗಸರ ವಿನೋದಕ್ಕಾಗಿ ಸಿಂಹವ್ಯಾಘ್ರಗಳೊಡನೆ ಹೋರುವ ಕೆಲಸ. ಅನ್ನಕ್ಕಾಗಿ ಹೋರುವವನ ಗೆಲವು ಒಡೆಯನ ಆಟವಾಗುವುದೆಂಬುದು ವ್ಯಾಸರಿಗೆ ತಿಳಿದಿತ್ತು. ಈ ಎಳೆಯನ್ನು ಹಿಡಿದು ಮುಂದೆ ಹೋಗಬೇಕಾದುದು ಹೊಸ ಕಾಲದ ಕನ್ನಡ ಸಾಹಿತ್ಯದ ಕೆಲಸ.

೯

ಇದುವರೆಗಿನ ವಿಚಾರದಿಂದ ಸಿದ್ಧವಾಗುವುದನ್ನು ಸಂಗ್ರಹಿಸಿ ಹೇಳಬಹುದು. ಪಂಪನಲ್ಲಿ ಗೆದ್ದವನ ಹರ್ಷವು ಸೋತವನ ಮುಖವನ್ನು ಕಂಡು ನಿರ್ವೇದವಾಯಿತು. ರನ್ನನಲ್ಲಿ ಸೋಲುವವನ ವಿಷಾದವು ಅಮರ್ಷವಾಗಿ ಘನತೆಯನ್ನು ಪಡೆಯಿತು. ಕಿರಾತ ಪ್ರಸಂಗದಲ್ಲಿ ಸೋತವನ ಗರ್ವವು ಅಳಿದು ಅರಿವಾಯಿತು. ಈ ಮೂರು ಪರಿಣಾಮಗಳೂ ಕಣದೊಳಗಿನಿಂದಲೇ ಹುಟ್ಟಿದುವು. ಯಾವುದನ್ನೂ ಕವಿಯು ಹೊರಗಿನಿಂದ ತಂದು ಹೊರಿಸಲಿಲ್ಲ. ಧರ್ಮವು ಆ ಭಾವಗಳಿಗೆ ಹೆಸರನ್ನು ಕೊಟ್ಟಿತು. ಹುಟ್ಟನ್ನು ಕೊಟ್ಟುದು ಸ್ಪರ್ಧೆ.

ಇದು ಬರಿಯ ಗ್ರಂಥವಿಚಾರವಲ್ಲ. ಇದೇ ಪಾಠಗಳನ್ನು ಓದುವ ವಿದ್ಯಾರ್ಥಿಗಳು ಸಂಜೆಗೆ ಆಟದ ಬಯಲಿಗೋ ತಾಲೀಮಿಗೋ ಹೋಗುವರು. ಅಲ್ಲಿ ಗೆಲ್ಲುವರು, ಸೋಲುವರು. ಬಾಹುಬಲಿಯ ವೈರಾಗ್ಯವನ್ನು ಕಂಠಪಾಠದ ಬೋಧೆಯಾಗಿ ಕಲಿಸಿದರೆ ಅದು ಪರೀಕ್ಷೆಯೊಡನೆ ಮರೆತುಹೋಗುವುದು. ಎದುರಾಳಿಯನ್ನು ಎತ್ತಿಯೂ ಅಪ್ಪಳಿಸದೆ ಇಳಿಸಿದ ಮಲ್ಲನ ಕಥೆಯಾಗಿ ಕಲಿಸಿದರೆ ಚಿಕ್ಕೋಡಿ, ಅಥಣಿಗಳ ಹುಡುಗನಿಗೆ ಅದು ತನ್ನ ಮೈಯಿಂದಲೇ ತಿಳಿಯುವುದು. ಹಳಗನ್ನಡವು ಕಠಿನವೆಂದು ದೂರುವ ಅಧ್ಯಾಪಕರು ಈ ದಾರಿಯನ್ನು ಒಮ್ಮೆ ಪರೀಕ್ಷಿಸಿ ನೋಡಬೇಕೆಂದೂ, ಮಲ್ಲಕಾಳಗದ ವರ್ಣನೆಗಳನ್ನು ಉಳಿದ ಚಂಪೂಕಾವ್ಯಗಳಲ್ಲಿಯೂ ಹುಡುಕಿ ವಿದ್ವಾಂಸರು ಈ ವಿಚಾರವನ್ನು ಬೆಳೆಸಬೇಕೆಂದೂ ಪ್ರಾರ್ಥಿಸುವೆವು.